ಎಂದೂ ಕೆಡದ ಕಂಪ್ಯೂಟರ್

ನೀರು ಸರಬರಾಜು ಕಚೇರಿಯ ಗುಮಾಸ್ತನ ಸಂಸಾರಕ್ಕೆ ಅಡ್ಡಗಾಲಾಗಿದ್ದದ್ದು ಮೂಲೆಯಲ್ಲಿದ್ದ ಹಳೆ ಕಂಪ್ಯೂಟರ್. ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ, ಅಷ್ಟೇ. ಚಿತ್ರವಿಲ್ಲ, ಮೌಸ್ ಇಲ್ಲ. ಏನು ಬೇಕಾದರೂ ಆಜ್ಞೆಯನ್ನು ತಪ್ಪಿಲ್ಲದೆ ಟೈಪು ಮಾಡಬೇಕು; ಒಂದು ಕೆಲಸ ಮುಗಿಯುವ ತನಕ ಅದು ಇನ್ನೊಂದನ್ನು ಮುಟ್ಟದು. ಆದರೆ ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಹೆಂಡತಿ ಅದೇ ಇಲಾಖೆಯಲ್ಲಿ, ಬೇರೆ ಊರಿನ ಕಚೇರಿಯಲ್ಲಿದ್ದಳು. ಆರು ವರ್ಷದಿಂದ ಇಬ್ಬರೂ ಮುಖ ನೋಡುವುದು ಭಾನುವಾರ ಮಾತ್ರ. ಗುಮಾಸ್ತ ಅಲ್ಲಿಗೆ ವರ್ಗ ಕೇಳಿದಾಗಲೆಲ್ಲ, ಇಲ್ಲಿ ಆ ಕಂಪ್ಯೂಟರು ಬೇರೆ ಯಾರಿಗೆ ಗೊತ್ತು ಎಂದು ಅರ್ಜಿ ವಾಪಸಾಗುತ್ತಿತ್ತು. ಇವತ್ತು ಹೊಸ ಕಂಪ್ಯೂಟರಿನ ಪರೀಕ್ಷೆ. ಅದು ಪಾಸಾದರೆ ಹಳೆಯದಕ್ಕೆ ನಿವೃತ್ತಿ, ಇವನಿಗೆ ಬಿಡುಗಡೆ.

ಮೇಲಧಿಕಾರಿ ಬರುವ ಮೊದಲೇ ಕಚೇರಿಯವರೆಲ್ಲ ಹೊಸದನ್ನು ಮುತ್ತಿಕೊಂಡರು. ಟೈಪಿಸ್ಟಮ್ಮ ಹಾಡು ಹಚ್ಚಿದರು. ಮೀಟರ್ ಓದುವಾತ ಇಸ್ಪೀಟು ಆಟ ತೆರೆದ. ಕ್ಯಾಷಿಯರ್ ಮೊಮ್ಮಗಳ ಫೋಟೋ ತೋರಿಸತೊಡಗಿದರು. ಗುಮಾಸ್ತ ಕೈಮುಗಿದು ಬೇಡಿಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲಧಿಕಾರಿ ಬಂದು, ನೀರು ಬಾರದ ಬೀದಿಗಳ ಪಟ್ಟಿ ಕೇಳುವ ಹೊತ್ತಿಗೆ ಅದು ಹೊಟ್ಟೆ ಬಿರಿಯ ಉಂಡವರಂತೆ ಅಲುಗದೆ ಕೂತಿತ್ತು.

ಹಳೆಯದೂ ಕೆಟ್ಟಿದೆ ಎಂದು ಗುಮಾಸ್ತ ಸುಳ್ಳು ಹೇಳಬಹುದಿತ್ತು. ಆದರೆ ಆ ಬೀದಿಗಳ ಜನ ಖಾಲಿ ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವನು ಮೂಲೆಗೆ ಹೋಗಿ ಒಂದು ಸಾಲು ಟೈಪು ಮಾಡಿದ. ಪಟ್ಟಿ ಬಂತು. ಅವನಿಗೆ ಅಳು ಬಂತು.

ಮೇಲಧಿಕಾರಿ ಬೆರಗಾದರು. ಇದನ್ನು ನಾಳೆಯೇ ಇನ್ನೊಂದು ಕಚೇರಿಗೆ ಕಳಿಸಿ, ಅಲ್ಲಿ ಹೊಸದು ದಿನಾ ಕೆಡುತ್ತದೆ ಎಂದರು; ಆಗಲೇ ಅಲ್ಲಿಗೆ ಫೋನನ್ನೂ ಮಾಡಿಸಿದರು. ಅದು ಹೆಂಡತಿಯಿದ್ದ ಕಚೇರಿ. ಗುಮಾಸ್ತನ ಎದೆ ಹಿಗ್ಗಿತು.

“ಅದರ ಜೊತೆ ನಾನೂ ಹೊರಡ್ಲಾ ಸಾರ್?”

“ನೀವ್ಯಾಕೆ? ಅಲ್ಲಿ ಅದನ್ನ ಬಲ್ಲವರು ಒಬ್ಬರಿದ್ದಾರಂತೆ. ಈ ಹೊಸದು ದಿನಕ್ಕೆ ನಾಲ್ಕು ಸಲ ನಿಲ್ಲೋ ಹಾಗೆ ಕಾಣುತ್ತೆ. ನೀವು ಇದರ ಹತ್ರಾನೇ ಇರಿ.”

ಸಂಜೆ ಹೆಂಡತಿಯ ಫೋನ್ ಬಂತು. ದನಿ ಕುಗ್ಗಿಹೋಗಿತ್ತು.

“ನಿಮಗೆ ಖುಷಿಯಾಗ್ಲಿ ಅಂತ ಮುಚ್ಚಿಟ್ಟಿದ್ದೆ ರೀ. ನಿಮ್ಮ ಕಚೇರಿಗೆ ನನಗೇ ವರ್ಗ ಆಗಿತ್ತು, ನಾಳೆ ಹೊರಡೋದಿತ್ತು. ಮಧ್ಯಾಹ್ನ ರದ್ದು ಮಾಡಿದ್ರು. ನಿಮ್ಮಲ್ಲಿರೋ ಥರದ್ದೇ ಅದ್ಯಾವುದೋ ಹಳೆ ಕಂಪ್ಯೂಟರ್ ಬರುತ್ತಂತೆ, ಅದನ್ನ ನಡೆಸೋಕೆ ಬರೋದು ಇಲ್ಲಿ ನನಗೊಬ್ಬಳಿಗೇ ಅಂತೆ. ಮದುವೆಯಾದ ಹೊಸತರಲ್ಲಿ ನೀವೇ ಅಲ್ವಾ ಕೂರಿಸಿಕೊಂಡು ಕಲಿಸಿದ್ದು?”