ಹುಣಸೆಹುಳಿಯಲ್ಲಿ ನೆನೆದ ರತ್ನ

ಒಡವೆ ಅಂಗಡಿಗಳು ಬಾಗಿಲು ಹಾಕಿದರೇನಂತೆ, ಭೂಮಿತಾಯಿ ಬಾಗಿಲು ಹಾಕಿಲ್ಲವಲ್ಲ! ಡಬ್ಲಿನ್‌ನ ಮೂರನೇ ಲಾಕ್‌ಡೌನಿನಲ್ಲಿ, ವಿಡಿಯೊ ಕಾಲ್‌ನಲ್ಲಿದ್ದ ಅತ್ತೆಯವರ ಮುಂದೆ ನಾನು ಘೋಷಿಸಿಯೇಬಿಟ್ಟೆ: ಮದುವೆ ವಾರ್ಷಿಕೋತ್ಸವಕ್ಕೆ ವಸುಂಧರಾಗೆ ಕೆಂಪು ಹರಳಿನ ಚಿನ್ನದ ಪದಕ, ಹರಳನ್ನು ಬೆಟ್ಟದಿಂದ ಸ್ವಹಸ್ತದಲ್ಲಿ ಆರಿಸಿ ತರುವವನು ನಾನು!

"ಮೊದಲು ಫ್ರಿಜ್ಜಿಂದ ಮೊಸರು ತನ್ನಿ. ಕಣ್ಣೆದುರಿಗಿದ್ರೂ ಕಾಣಲ್ಲ ನಿಮಗೆ," ಎಂದಳು ನನ್ನ ಹೆಂಡತಿ. ಅವಳು ಆಸ್ಪತ್ರೆಯಲ್ಲಿ ಡಾಕ್ಟರು. ರೋಗ ಪತ್ತೆ ಮಾಡುವುದರಲ್ಲಿ ನಿಸ್ಸೀಮಳು.

ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಅದೃಷ್ಟಕ್ಕೆ ನಮ್ಮ ಲೆಪರ್ಡ್ಸ್‌ಟೌನ್ ಹಿಂದಿನ ಬೆಟ್ಟ ಅದರೊಳಗೇ ಇತ್ತು. ಹರಳು ಹುಡುಕುವ ವಿಡಿಯೊಗಳನ್ನು ಆಫೀಸ್ ಮೀಟಿಂಗುಗಳ ನಡುವೆ, ನಿಜ ಹೇಳಬೇಕೆಂದರೆ ಮೀಟಿಂಗುಗಳಲ್ಲೇ, ನೋಡಿ ಪಂಡಿತನಾದೆ. ಸಾರ್ವಜನಿಕ ಜಾಗವಾದರೂ ಅಗೆಯಬಾರದಂತೆ, ಒಡೆಯಬಾರದಂತೆ, ಬಿದ್ದದ್ದನ್ನಷ್ಟೇ ಎತ್ತಿಕೊಳ್ಳಬೇಕಂತೆ. ಭಾನುವಾರ ಇಡೀ ಮಳೆಯಲ್ಲಿ ಬಗ್ಗಿ ಬಗ್ಗಿ ತೊರೆಯಂಚು ಜಾಲಾಡಿದೆ. ನಾಯಿ ಹಿಡಿದು ಬಂದ ಅಜ್ಜಿಯೊಬ್ಬರು, ಕಾರಿನ ಕೀ ಕಳೆದುಹೋಯಿತೇ ಎಂದು ಕೇಳಿ, ದೂರದಿಂದಲೇ ತಾವೂ ಹುಡುಕತೊಡಗಿದರು. ಕೊನೆಗೆ ತುಕ್ಕು ಹಿಡಿದಂತಿದ್ದ ನಾಲ್ಕು ಕಲ್ಲು ಸಿಕ್ಕವು. ಒಂದರಲ್ಲಿ, ಆಹಾ, ತೊಗರಿಬೇಳೆ ಗಾತ್ರದ ಕೆಂಪು ಹರಳು, ಗಾರ್ನೆಟ್!

ತುಕ್ಕು ತೆಗೆಯಲು ಯಾವುದೋ ಆಸಿಡ್ ಬೇಕೆಂದಿತ್ತು ವಿಡಿಯೊ. ಹಿತ್ತಾಳೆ ದೀಪ ಬೆಳಗುವ ವಂಶದಲ್ಲಿ ಹುಟ್ಟಿದವನಿಗೆ ಆಸಿಡ್ಡೇಕೆ? ಹುಣಸೆಹಣ್ಣು ಕಿವುಚಿ ಕಲ್ಲುಗಳನ್ನು ಗುಟ್ಟಾಗಿ ನೆನೆಹಾಕಿದೆ. ಮರುದಿನ ಎತ್ತಿದರೆ ಕಲ್ಲುಗಳು ಫಳಫಳ. ಗಾರ್ನೆಟ್ ಮಾತ್ರ ಕಳಚಿಕೊಂಡು ಹುಳಿಯ ತಳ ಸೇರಿತ್ತು. ಸೋಸಲು ಜಾಲರಿ ಹುಡುಕುವಷ್ಟರಲ್ಲಿ ಮ್ಯಾನೇಜರ್ ಕಾಲ್ ಬಂತು.

ಅದೇ ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ವಸುಂಧರಾ, ಗಂಡ ಮೊದಲ ಸಲ ತಾನಾಗಿ ಹುಣಸೆಹಣ್ಣು ನೆನೆಸಿಟ್ಟಿದ್ದಾನೆಂದು ಕರಗಿಹೋದಳು. ಹುಳಿಯನ್ನೆಲ್ಲ ಸಾರಿಗೆ ಸುರಿದಳು.

ಎರಡನೇ ತುತ್ತಿಗೇ ಕಟಕ್! ಬೇಳೆ ಆರಿಸಲೂ ಬರುವುದಿಲ್ಲವೇ ಎಂದು ಗುಡುಗಿದೆ. ಗುಡುಗುವ ಭರದಲ್ಲಿ ಏನೋ ಗುಟುಕ್ಕನೆ ಒಳಗಿಳಿಯಿತು. ಕೈಗೆ ಬಂದದ್ದು ಅರ್ಧ ಹಲ್ಲು. ಆಗ ನೆನಪಾಗಿ ಅಡುಗೆಮನೆಗೆ ಓಡಿದರೆ, ಹುಳಿಯ ಪಾತ್ರೆ ತೊಳೆದು ಬೋರಲು ಹಾಕಿತ್ತು. ನೋವಿದ್ದರೂ ಎಲ್ಲವನ್ನೂ ಬಾಯಿಬಿಟ್ಟೆ.

"ಗಾರ್ನೆಟ್ ಎಲ್ಲೂ ಹೋಗಲ್ಲ. ಎರಡು ದಿನ ಕಾಯ್ರಿ, ಬರುತ್ತೆ," ಎಂದಳು ವಸುಂಧರಾ, ಡಾಕ್ಟರ ಗಾಂಭೀರ್ಯದಲ್ಲಿ. "ಬಂದ್ರೂ ನನಗೆ ಬೇಡ."

ಊರೆಲ್ಲ ಮುಚ್ಚಿದ್ದರೂ ಹಲ್ಲಿನ ಡಾಕ್ಟರು ಕ್ಲಿನಿಕ್ ತೆರೆದಿದ್ದರು. ಅವರು ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಕಲ್ಲು ಕಡಿಯುವವನಿಗೆ ಪಿಂಗಾಣಿ ತಾಳದೆಂದು ಹಲ್ಲಿಗೆ ಚಿನ್ನದ ಕವಚವನ್ನೇ ತೊಡಿಸಿ, "ಗ್ರ್ಯಾಂಡ್!" ಎಂದು ಕನ್ನಡಿ ಹಿಡಿದರು. ಅಂದಿನಿಂದ ಮಾಸ್ಕ್ ಮೇಲೆ ನನಗೆ ಹುಟ್ಟಿದ ಪ್ರೀತಿ ಅಷ್ಟಿಷ್ಟಲ್ಲ.

ಆದರೆ ಮನೆಯೊಳಗೆ ಮಾಸ್ಕ್ ಹಾಕಿ ಕೂರಲಾದೀತೇ? ವಾರ್ಷಿಕೋತ್ಸವದ ಬೆಳಿಗ್ಗೆ ಫೋನಿನ ತುಂಬ ಅತ್ತೆಯವರು. ತುಟಿ ಬಿಗಿದು ನಮಸ್ಕಾರ ಮಾಡಿದೆ.

"ಎಲ್ಲಿ ವಸು, ಅಳಿಯಂದ್ರು ಚಿನ್ನ ಮಾಡಿಸಿದ್ರಾ? ತೋರ್ಸು ನೋಡೋಣ," ಎಂದರು ಅತ್ತೆ.

ವಸುಂಧರಾ ಫೋನನ್ನು ನನ್ನ ಮುಖದ ಹತ್ತಿರ ತಂದಳು.

"ರೀ, ಅಮ್ಮ ಕೇಳ್ತಿದಾರೆ. ಒಂಚೂರು ನಗಿ."