ಖಾನಾಪುರದಲ್ಲಿ ನಮ್ಮ ಮುಕ್ತ ಚರ್ಚೆ

ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ ಮಾತನ್ನು ಊರಿಗೆ ಕೇಳಿಸುವ ಹಂಬಲವನ್ನೇ ಸಾರ್ವಜನಿಕ ಜೀವನ ಎನ್ನುತ್ತಾರೆಂದು ನನ್ನ ಗುಮಾನಿ. ನನ್ನ ಮಟ್ಟಿಗಂತೂ ಅದು ನಿಜ. ಸರ್ಕಾರಿ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ಮನೆ ಸೇರಿದ ಮೇಲೆ, ನನ್ನ ಅಭಿಪ್ರಾಯಗಳಿಗೆಲ್ಲ ಹೆಂಡತಿ ಕುಕ್ಕರಿನ ಸೀಟಿಯಿಂದಲೇ ಉತ್ತರ ಕೊಡಿಸತೊಡಗಿದಳು. ಬೇರೆ ದಾರಿ ಕಾಣದೆ ನಮ್ಮ ಬಡಾವಣೆ ಹಿಂದವಾಡಿಯ ವಿಚಾರ ವೇದಿಕೆಗೆ ಕಾರ್ಯದರ್ಶಿಯಾದೆ. ತಿಂಗಳಿಗೊಂದು ಭಾನುವಾರ ಸಭೆ. ಸದಸ್ಯರು ಹನ್ನೊಂದು, ಹನ್ನೊಂದು ಜನವೂ ಭಾಷಣಕಾರರು. ಕೇಳುಗರು ಯಾರೆಂದರೆ, ತಮ್ಮ ಸರದಿ ಇನ್ನೂ ಬಾರದವರು. ಅಧ್ಯಕ್ಷ ಶಿವಪುತ್ರಪ್ಪನವರದು ಊರಾಚೆಯ ಮಚ್ಛೆಯಲ್ಲಿ ಸಣ್ಣದೊಂದು ಕಾರ್ಖಾನೆ. ವಾರವಿಡೀ ಯಂತ್ರಗಳ ಸದ್ದಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಅದರ ಸೇಡನ್ನು ನಮ್ಮ ಮೇಲೆ ತೀರಿಸಿಕೊಳ್ಳುತ್ತಾರೆ. ಬೀದಿಯ ಕಸದಿಂದ ವಿಶ್ವಶಾಂತಿಯವರೆಗೆ ನಾವು ಠರಾವು ಪಾಸು ಮಾಡದ ವಿಷಯವಿಲ್ಲ. ಕಸ ಅಲ್ಲೇ ಇದೆ. ಶಾಂತಿಯ ಸುದ್ದಿಯಿಲ್ಲ.

ಈ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಅಧ್ಯಕ್ಷರಿಗೆ ವೇದಿಕೆಯನ್ನು ತಾಲೂಕಿಗೂ ಒಯ್ಯುವ ಹುಕಿ ಬಂತು. "ಜಾಗೃತಿ ಬರೇ ಸಿಟಿಯೊಳಗ ಇದ್ರ ಹೆಂಗ್ರಿ?" ಎಂದರು. ಖಾನಾಪುರದಲ್ಲೊಂದು ಸಭಾಭವನ ಹಿಡಿದು, ಆಟೋಕ್ಕೆ ಮೈಕು ಕಟ್ಟಿಸಿ ಪ್ರಚಾರ ಮಾಡಿಸಿದೆವು. ಹೋಗಿ ನೋಡಿದರೆ ಭವನ ಕಿಕ್ಕಿರಿದಿತ್ತು! ಹೆಂಗಸರು, ಮುದುಕರು, ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ. "ನೋಡ್ರಿ, ವಿಚಾರದ ಹಸಿವು ಅಂದ್ರ ಇದು!" ಎಂದು ಅಧ್ಯಕ್ಷರು ನನ್ನ ಕಿವಿಯಲ್ಲಿ ಉಸುರಿ, ಪ್ರಜಾಪ್ರಭುತ್ವದಲ್ಲಿ ಚರ್ಚೆಯ ಪಾತ್ರ ಕುರಿತು ಮುಕ್ಕಾಲು ತಾಸು ಮಾತಾಡಿದರು. ಒಬ್ಬರೂ ಅಲುಗಾಡಲಿಲ್ಲ. ಹಿಂದವಾಡಿಯಲ್ಲಿ ಅಷ್ಟು ಹೊತ್ತು ಅಲುಗಾಡದೆ ಕೂತವರಿದ್ದರೆ ಅವರಿಗೆ ನಿದ್ದೆ ಹತ್ತಿದೆಯೆಂದೇ ಅರ್ಥ. ಇಲ್ಲಿ ಎಲ್ಲರ ಕಣ್ಣೂ ತೆರೆದಿದ್ದವು.

ಪ್ರಶ್ನೆ ಕೇಳಿ ಎಂದಾಗ ಮುಂದಿನ ಸಾಲಿನಿಂದ ಪಾರಿಶ್ವಾಡದ ಶಾಂತವ್ವ ಎಂಬ ಅಜ್ಜಿ ಎದ್ದಳು.

"ಸಾಹೇಬ್ರು ಯಾವಾಗ ಬರ್ತಾರ್ರಿ?"

"ಯಾವ ಸಾಹೇಬ್ರು?" ಎಂದರು ಅಧ್ಯಕ್ಷರು.

"ಸಹಿ ಮಾಡಾವ್ರು."

"ನಾವ ಬಂದೀವಲ್ಲ, ಯವ್ವಾ."

"ನೀವು ಸಹಿ ಮಾಡ್ತೀರೇನ್ರಿ?"

"ಇಲ್ಲ."

"ಮತ್ತೇನ ಮಾಡ್ತೀರಿ?"

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಚರ್ಚಾ ಮಾಡ್ತೀವಿ."

"ಅದನ್ನ ನಾವು ಬಸ್ಸಿನ್ಯಾಗ ಮಾಡಕೋತನ ಬಂದೀವ್ರಿ," ಎಂದಳು ಶಾಂತವ್ವ.

ಆಮೇಲೆ ಗೊತ್ತಾಯಿತು. 'ನಾಗರಿಕ ಸಮಸ್ಯೆಗಳ ಕುರಿತು ಮುಕ್ತ ಚರ್ಚೆ' ಎಂದು ನಾವು ಬರೆದುಕೊಟ್ಟ ಚೀಟಿಯನ್ನು ಓದಿದ ಆಟೋದವನು, ಇದು ಯಾರಿಗೂ ತಿಳಿಯುವುದಿಲ್ಲವೆಂದು ಕನಿಕರಪಟ್ಟು, 'ನಿಮ್ಮ ತ್ರಾಸು ತಗೊಂಡ ಬರ್ರಿ, ಬಗಿಹರಸ್ತಾರ' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಕೂಗಿ ಬಂದಿದ್ದ. ಚೀಲಗಳಲ್ಲಿದ್ದದ್ದು ಕಾಗದಪತ್ರ. ಶಾಂತವ್ವನ ರೇಷನ್ ಕಾರ್ಡಿನಲ್ಲಿ ಶಾಂತವ್ವ ಎಂದಿತ್ತು, ಆಧಾರ್ ಕಾರ್ಡಿನಲ್ಲಿ ಶಾಂತಾಬಾಯಿ. ಕನ್ನಡದವರು ಬರೆದದ್ದೊಂದು, ಮರಾಠಿಯವರು ಬರೆದದ್ದೊಂದು. ಇಬ್ಬರ ನಡುವೆ ಸಿಕ್ಕು ಅವಳ ಅಕ್ಕಿ ನಾಲ್ಕು ತಿಂಗಳಿಂದ ನಿಂತಿತ್ತು. ಅಂದಿನ ಕೂಲಿಯನ್ನೂ ಬಿಟ್ಟು ಬಂದಿದ್ದಳು.

ಅಧ್ಯಕ್ಷರು ತಡಮಾಡದೆ ಪರಿಹಾರ ಸೂಚಿಸಿದರು: ಗಡಿಭಾಗದ ಹೆಸರುಗಳ ಬಗ್ಗೆ ಮುಂದಿನ ತಿಂಗಳು ಒಂದು ಗೋಷ್ಠಿ.

ಹಿಂದಿನ ಸಾಲಿನಿಂದ ಖಾನಾಪುರದ್ದೇ ದರ್ಜಿ ಬಾಬಾಸಾಬ ಎದ್ದು ನಿಂತ. "ಗೋಷ್ಠಿ ಆಮ್ಯಾಲ ಆಗ್ಲಿ ತಗೋರಿ. ಈಗ ಅರ್ಜಿ ಬರ್ಯಾಕ ಯಾರಿಗೆ ಬರ್ತೈತಿ?"

ವೇದಿಕೆಯ ಉಳಿದ ಹತ್ತೂ ಜನ ನನ್ನತ್ತ ನೋಡಿದರು.

ಇಲ್ಲೊಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅರ್ಜಿ ಬರೆಯುವುದು ನನ್ನ ಕಸುಬಾಗಿರಲಿಲ್ಲ, ವಾಪಸು ಕಳಿಸುವುದಾಗಿತ್ತು. 'ಹೆಸರು ತಾಳೆಯಾಗುವುದಿಲ್ಲ' ಎಂದು ಕೆಂಪು ಶಾಯಿಯಲ್ಲಿ ಗೀಚುವುದರಲ್ಲಿ ನನ್ನ ಕೈ ಎಷ್ಟು ಪಳಗಿತ್ತೆಂದರೆ, ಮೇಜಿನ ಆಚೆ ನಿಂತವರ ಮುಖವನ್ನು ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಎಷ್ಟು ಶಾಂತವ್ವಂದಿರು ಹಾಗೆ ತಿರುಗಿ ಹೋದರೋ. ಅಂದು ಮೊದಲ ಸಲ ಒಬ್ಬಳು ಎದುರಿಗೇ ಕುಳಿತಿದ್ದಳು. ಹೊರಡುವ ಲಕ್ಷಣವೂ ಇರಲಿಲ್ಲ. ಆದರೆ ಅಡ್ಡಗಾಲು ಹಾಕಿ ರೂಢಿಯಿದ್ದವನಿಗೆ ದಾರಿ ಎಲ್ಲಿದೆಯೆಂಬುದೂ ಗೊತ್ತಿರುತ್ತದಲ್ಲ! ಯಾವ ಕಾಗದ ಲಗತ್ತಿಸಿದರೆ ನನ್ನಂಥ ಗುಮಾಸ್ತನ ಬಾಯಿ ಮುಚ್ಚುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಭವನದಲ್ಲಿರಲಿಲ್ಲ. ಬಾಬಾಸಾಬ ಒಬ್ಬೊಬ್ಬರನ್ನೂ ಅವರವರ ಮಾತಿನಲ್ಲೇ ವಿಚಾರಿಸಿ ಹೇಳಿದ, ನಾನು ಬರೆದೆ. ಸಂಜೆಯ ಹೊತ್ತಿಗೆ ಬೆರಳು ಸೆಟೆದುಕೊಂಡಿತ್ತು. ಅಧ್ಯಕ್ಷರು ಖಾಲಿ ಕುರ್ಚಿಗಳಿಗೆ ವಂದನಾರ್ಪಣೆ ಮಾಡಿ ಸಭೆ ಮುಗಿಸಿದರು.

ಮರುತಿಂಗಳು ಮತ್ತೆ ಹೋದೆವು. ಈ ಸಲ ನಾನು 'ಆಡಳಿತ ಮತ್ತು ಅಂತಃಕರಣ' ಎಂಬ ಭಾಷಣ ಬರೆದುಕೊಂಡಿದ್ದೆ. ಅದರಲ್ಲಿ ನನ್ನ ತಪ್ಪೊಪ್ಪಿಗೆಯಿತ್ತು. ಎರಡು ಕಡೆ ಸಭಿಕರು ಕಣ್ಣೊರೆಸಿಕೊಳ್ಳಲೆಂದು ಸಮಯವನ್ನೂ ಬಿಟ್ಟಿದ್ದೆ. ಭವನದ ಬಾಗಿಲಲ್ಲೇ ಶಾಂತವ್ವ ಸಿಕ್ಕಳು. ಕಾರ್ಡು ಸರಿಯಾಗಿ ಅಕ್ಕಿ ಬಂದಿತ್ತಂತೆ. ಜೊತೆಗೆ ಕರೆತಂದಿದ್ದ ನಾಲ್ವರು ಹೆಂಗಸರು ನನ್ನ ಕೈಯಲ್ಲಿದ್ದ ಹಾಳೆಗಳನ್ನು ಕಂಡು ಹಿಂದೆ ಸರಿದರು.

"ಅಂಜಬ್ಯಾಡ್ರಿ, ಬರ್ರಿ," ಎಂದು ಶಾಂತವ್ವ ಅವರಿಗೆ ಧೈರ್ಯ ಹೇಳಿದಳು. "ಇವ್ರು ಭಾಷಣ ಮಾಡಾವ್ರಲ್ಲ, ಚಲೋ ಮನಷ್ಯಾರು."

ಹಾಳೆಗಳ ಹಿಂಬದಿ ಖಾಲಿಯಿತ್ತು. ಅವುಗಳನ್ನು ಮಗುಚಿ ಹಾಕಿ, ಮೊದಲ ಹೆಂಗಸಿನ ಹೆಸರು ಕೇಳಿದೆ.