ಕುರ್ಚಿಯ ಗಾಲಿಗೆ ನಿಂಬೆಹಣ್ಣು

ಹೆದರಿಕೆಯಲ್ಲೂ ಮರ್ಯಾದಸ್ಥ ಹೆದರಿಕೆ, ಮರ್ಯಾದೆಗೆಟ್ಟ ಹೆದರಿಕೆ ಎಂದು ಎರಡು ಬಗೆಯಿದೆ. ಹಾವೆಂದರೆ ಭಯ ಎಂದರೆ ನಾಲ್ಕು ಜನ ತಲೆಯಾಡಿಸುತ್ತಾರೆ. ಫ್ಲೈಓವರ್ ಎಂದರೆ ಭಯ ಎನ್ನಿ, ಅದೂ ಫ್ಲೈಓವರುಗಳೇ ತುಂಬಿರುವ ಅಮೆರಿಕದ ಡಲ್ಲಸ್‌ನಂಥ ಊರಿನಲ್ಲಿ, ನಗುತ್ತಾರೆ. ನಾನು ಆಫೀಸಿಗೂ ಒಳರಸ್ತೆಗಳಲ್ಲೇ ಸುತ್ತಿಕೊಂಡು ಹೋಗುತ್ತಿದ್ದೆ. ಬೇರೆ ದಾರಿಯೇ ಇಲ್ಲದಾಗ ಸ್ಟಿಯರಿಂಗ್ ಹೆಂಡತಿ ಸುಮಾಳ ಕೈಗೆ. ನಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಪರಮಭಕ್ತನಂತೆ ಕೂರುತ್ತಿದ್ದೆ. ಈ ಏರ್ಪಾಡು ಚೆನ್ನಾಗಿಯೇ ನಡೆದಿತ್ತು, ಅವಳು ಬಸುರಿಯಾಗುವವರೆಗೆ. ಹೆರಿಗೆಗೆ ಗೊತ್ತುಮಾಡಿದ್ದ ಆಸ್ಪತ್ರೆ ಫ್ಲೈಓವರಿನ ಆಚೆಗಿತ್ತು. "ಏನ್ರೀ, ನೋವು ಬಂದಾಗ್ಲೂ ನಾನೇ ಡ್ರೈವ್ ಮಾಡ್ಕೊಂಡು ಹೋಗ್ಲಾ?" ಎಂದಳು.

ಆಗ ನೆರವಿಗೆ ಬಂದವನು ಆಸ್ಟಿನ್‌ನ ಗೆಳೆಯ ಶ್ರೀನಾಥ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅವನ ಪುಟ್ಟ ಕಂಪನಿ ವರ್ಚುವಲ್ ರಿಯಾಲಿಟಿ ಹೆಲ್ಮೆಟ್ ತಯಾರಿಸುತ್ತಿತ್ತು. "ನೋಡ್ತಿರು, ಟಿವಿ ಥರ ಮನೆಮನೆಗೂ ಬರತ್ತೆ" ಎನ್ನುತ್ತ ಡಲ್ಲಸ್ ಪಕ್ಕದ ಫ್ಲವರ್ ಮೌಂಡ್‌ನ ನಮ್ಮ ಮನೆಗೆ ಒಂದನ್ನು ತಂದ. ಕಂಪ್ಯೂಟರಿಗೆ ಅದನ್ನೂ ಒಂದು ಆಟಿಕೆ ಸ್ಟಿಯರಿಂಗನ್ನೂ ಜೋಡಿಸಿ, ಫ್ಲೈಓವರ್ ಅಭ್ಯಾಸ ಮಾಡು ಎಂದು ಹೇಳಿಹೋದ. ತಲೆಗೆ ತೊಟ್ಟಾಗ ಕಂಡ ಚಿತ್ರವೇನೋ ಮಕ್ಕಳು ಬಣ್ಣದ ಕಡ್ಡಿಯಲ್ಲಿ ಬಿಡಿಸಿದ ಹಾಗಿತ್ತು. ಆದರೆ ತಲೆ ತಿರುಗಿಸಿದತ್ತ ಆಕಾಶ ತಿರುಗಿತು, ಬಗ್ಗಿದರೆ ಪಾತಾಳ ಕಂಡಿತು! ತನ್ನದೇ ಮನೆಯ ಕುರ್ಚಿಯ ಮೇಲೆ ಕೂತವನ ಅಂಗೈ ಬೆವರುವಂತೆ ಮಾಡಬೇಕಾದರೆ ಆ ಯಂತ್ರ ಸಾಮಾನ್ಯವೇ? ಕಂಡುಹಿಡಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಮಾತ್ರ ತಡೆದರು. "ಪೂಜೆ ಮಾಡ್ದೆ ಹೊಸ ಗಾಡಿ ತೆಗೀಬಾರ್ದು ಅಳಿಯಂದ್ರೇ." ಕಂಪ್ಯೂಟರ್ ಕುರ್ಚಿಗೂ ಗಾಲಿಗಳಿದ್ದವಲ್ಲ! ಒಂದೊಂದರ ಮುಂದೂ ಒಂದೊಂದು ನಿಂಬೆಹಣ್ಣಿಟ್ಟು, ಹೆಲ್ಮೆಟ್ಟಿಗೆ ಕುಂಕುಮ ಹಚ್ಚಿ, ನನ್ನನ್ನು ಕೂರಿಸಿ ಮುಂದಕ್ಕೆ ಉರುಳಿಸಿದರು. ಕಾರ್ಪೆಟ್ಟಿನ ಕಲೆ ಇವತ್ತಿಗೂ ಇದೆ. ಆಮೇಲೆ ದಿನಾ ಸಂಜೆ ನನ್ನ ಸವಾರಿ. ಅತ್ತೆ ಹಿಂದಿನ ಸೋಫಾದಲ್ಲಿ ಕೂತು, ತಮಗೇನೂ ಕಾಣದಿದ್ದರೂ ನಾನು ವಾಲಿದತ್ತ ತಾವೂ ವಾಲುತ್ತ, "ನಿಧಾನ, ನಿಧಾನ" ಎನ್ನುತ್ತಿದ್ದರು. ಎದೆ ಡವಗುಟ್ಟಿದಾಗಲೆಲ್ಲ ನಾನು ಹೆಲ್ಮೆಟ್ ಕಳಚಿಬಿಡುತ್ತಿದ್ದೆ. ಅವರು ನೀರು ಕುಡಿಸಿ ಮತ್ತೆ ತೊಡಿಸುತ್ತಿದ್ದರು. ಬರಬರುತ್ತಾ ಕಳಚುವುದು ಕಡಿಮೆಯಾಯಿತು.

ಒಂದು ಮಧ್ಯಾಹ್ನ ಸುಮಾಗೆ ನೋವು ಶುರುವಾಯಿತು. ತಾಯಿ ಮಗಳು ಕಾರಿನ ಹಿಂದಿನ ಸೀಟಿನಲ್ಲಿ, ನಾನು ಮುಂದೆ ಸ್ಟಿಯರಿಂಗ್ ಹಿಡಿದು. ಫ್ಲೈಓವರ್ ಏರಿದೆ. ಅದೇ ತಿರುವು, ಅದೇ ಆಕಾಶ, ಎಲ್ಲ ಗುರುತಿನದೇ! ಫ್ಲೈಓವರಿನ ನೆತ್ತಿ ಮುಟ್ಟುವ ಹೊತ್ತಿಗೆ ಪಕ್ಕದಲ್ಲಿ ದೊಡ್ಡ ಲಾರಿಯೊಂದು ಹಾದು ಸೇತುವೆಯೇ ನಡುಗಿತು. ಈ ನಡುಕ ಶ್ರೀನಾಥನ ಯಂತ್ರದಲ್ಲಿರಲಿಲ್ಲ. ಹೆಲ್ಮೆಟ್ ಕಳಚಲೆಂದು ನನ್ನ ಎಡಗೈ ತಾನಾಗಿಯೇ ತಲೆಗೆ ಹೋಯಿತು. ಸಿಕ್ಕಿದ್ದು ಬರೀ ಕೂದಲು.

"ಕೈ ಇಳಿಸಿ ಅಳಿಯಂದ್ರೇ," ಎಂದು ಹಿಂದಿನಿಂದ ಅತ್ತೆಯ ಧ್ವನಿ ಬಂತು. "ನಿಧಾನ, ನಿಧಾನ." ಕೈ ಸ್ಟಿಯರಿಂಗಿಗೆ ಮರಳಿತು. ಕಾರು ಸುರಕ್ಷಿತವಾಗಿ ಇಳಿಯಿತು. ಸಂಜೆಗೆ ಮಗಳು ಹುಟ್ಟಿದಳು.

ಸುದ್ದಿ ಕೇಳಿ ಶ್ರೀನಾಥ ಫೋನಿನಲ್ಲೇ ಕುಣಿದಾಡಿದ. "ಈಗ ಹೇಳು, ಮನೆಮನೆಗೂ ಹೋಗತ್ತೆ ತಾನೇ?"

"ಖಂಡಿತ ಹೋಗತ್ತೆ ಕಣೋ," ಎಂದೆ. "ಆದ್ರೆ ಡಬ್ಬದೊಳಗೆ ಒಬ್ರು ಅತ್ತೇನೂ ಇಟ್ಟು ಕಳಿಸ್ಬೇಕು."

ಅವನ ಕಂಪನಿ ಸ್ವಲ್ಪ ಕಾಲದಲ್ಲೇ ಮುಚ್ಚಿತು, ಅತ್ತೆ ಮೈಸೂರಿಗೆ ಮರಳಿದರು. ಈಗ ಫ್ಲೈಓವರ್ ಮೇಲೆ ನಾನೊಬ್ಬನೇ ಧೈರ್ಯವಾಗಿ ಓಡಾಡುತ್ತೇನೆಂದು ಸುಮಾ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಾಳೆ. ಸೇತುವೆಯ ನೆತ್ತಿ ಬಂದಾಗ ನಾನು ಗಾಜು ಏರಿಸಿಕೊಂಡು, ಥೇಟ್ ಅವಳಮ್ಮನ ಧ್ವನಿಯಲ್ಲಿ, "ನಿಧಾನ ಅಳಿಯಂದ್ರೇ" ಎಂದು ನನಗೆ ನಾನೇ ಹೇಳಿಕೊಳ್ಳುವುದು ಅವಳಿಗಿನ್ನೂ ಗೊತ್ತಿಲ್ಲ.